ಹಾಲುಹಲ್ಲಿನ ಸಾಕ್ಷಿ

ಹೋತದ ಕೆಳದುಟಿಯನ್ನು ಹೆಬ್ಬೆರಳಿನಿಂದ ಮಡಚಿ ನೋಡಿದ ಯೂಸುಫಸಾಬ, ಕಾಣಬಾರದ್ದನ್ನು ಕಂಡವನಂತೆ ಮೆಲ್ಲಗೆ ಬಿಟ್ಟುಬಿಟ್ಟ. ನಿನ್ನೆಯೂ ನೋಡಿದ್ದ, ಮೊನ್ನೆಯೂ ನೋಡಿದ್ದ. ಬೆಳಗಾಗುವುದರೊಳಗೆ ಏನಾದರೂ ಆಗಿರಬಹುದೆಂಬ ಆಸೆ ತನ್ನಂಥವನಿಗೆ ತಕ್ಕದ್ದಲ್ಲವೆಂದು ಅವನಿಗೇ ಗೊತ್ತಿತ್ತು. ಎಂಟು ಹಾಲುಹಲ್ಲು, ಜೋಳದ ಕಾಳಿಗಿಂತ ಸಣ್ಣವು, ಸವೆದು ಹಳದಿಯಾಗಿ ಅಲ್ಲಲ್ಲೇ ಕೂತಿದ್ದವು. ನಡುವಿನ ಎರಡು ಬಿದ್ದು, ಆ ಜಾಗದಲ್ಲಿ ಅಗಲವಾದ ಎರಡು ಹಲ್ಲು ಎದ್ದು ಆರೆಂಟು ತಿಂಗಳಾದರೂ ಆಗಿರಬೇಕಿತ್ತು. ಬಕ್ರೀದಿಗೆ ಇನ್ನು ಒಂಬತ್ತು ದಿನ; ಕುರ್ಬಾನಿಗೆ ವರ್ಷ ತುಂಬಿದ ಹೋತವೇ ಆಗಬೇಕು, ಅದಕ್ಕೆ ಗುರುತು ಆ ಎರಡು ಹಲ್ಲು. ಹಾವೇರಿಯ ದನದ ಸಂತೆಯಲ್ಲಿ ಮೂವತ್ತು ವರ್ಷದಿಂದ ದನಗಳ ಬಾಯಿಗೆ ಹೋಗಿ ಬಂದ ಕೈ ಅವನದು. ಮಾರುವವನೂ ಕೊಳ್ಳುವವನೂ ಎದುರುಬದುರಾಗಿ ನಿಂತರೆ 'ಕರ್ಜಗಿ ಸಾಬನ್ನ ಕರೀರಿ' ಅನ್ನುತ್ತಿದ್ದರು; ಅವನು ಬಂದು ತುಟಿ ಮಡಚಿ 'ಎರಡು ಹಲ್ಲು', 'ಆರು ಹಲ್ಲು', ಎಂಟೂ ಬಂದಿದ್ದರೆ 'ಬಾಯಿ ಕೂಡೇತಿ' ಎಂದು ಒಂದು ಮಾತು ಆಡಿದರೆ ಆ ದನದ ವಯಸ್ಸು ಅಷ್ಟೇ. ಬೇರೆಯವರ ಮನೆಯ ಹೋತವಾಗಿದ್ದರೆ ಇದರ ಬಾಯಿ ನೋಡಿ 'ವರ್ಷ ತುಂಬಿಲ್ಲ' ಎಂದು ಹೇಳಿ ಕೈ ಒರೆಸಿಕೊಂಡು ಹೋಗುತ್ತಿದ್ದ. ಆದರೆ ಇದು ಹುಟ್ಟಿದ್ದು ಅವನ ಕಣ್ಣೆದುರಿಗೆ. ಹೋದದ್ದಲ್ಲ, ಅದರ ಹಿಂದಿನ ಮೊಹರಮ್ಮಿನಲ್ಲಿ, ಅಲಾವಿ ದೇವರು ವರದಾ ನದಿಗೆ ಹೊರಟು ಹಲಗಿಯ ಸದ್ದು ಊರ ಅಗಸಿ ದಾಟುತ್ತಿದ್ದಾಗ ಆಡು ಈದಿತ್ತು. ಹೊಕ್ಕುಳಬಳ್ಳಿ ಕೊಯ್ದದ್ದೂ ಇದೇ ಕೈ. ಇಪ್ಪತ್ತೆರಡು ತಿಂಗಳು. ಲೆಕ್ಕದಲ್ಲಿ ಒಂದು ದಿನವೂ ಹೆಚ್ಚುಕಮ್ಮಿಯಿರಲಿಲ್ಲ. ಆದರೂ ಹಲ್ಲುಗಳು ಅವನ ಮುಖ ನೋಡಿ 'ಇಲ್ಲ' ಅನ್ನುತ್ತಿದ್ದವು.

ಮುಮ್ತಾಜಬಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. "ದಿನಾ ಹಿಂಗ ಬಾಯಿ ತಗದ ನೋಡಿದ್ರ ಹಲ್ಲು ನಾಚಿ ಒಳಗ ಕುಂದರ್ತಾವ್ರಿ," ಎಂದಳು. ನಗಿಸಲೆಂದು ಆಡಿದ ಮಾತಿಗೆ ಅವಳೇ ನಗಲಿಲ್ಲ. ಒಂದು ತಿಂಗಳ ಮರಿಯಾಗಿದ್ದಾಗ ಇದರ ಹಿಂಗಾಲಿನ ಮೇಲೆ ಚಕ್ಕಡಿಯ ಗಾಲಿ ಹರಿದು ಎಲುಬು ಎರಡು ತುಂಡಾಗಿತ್ತು. ಮರಿಯನ್ನು ಮಡಿಲಲ್ಲಿಟ್ಟುಕೊಂಡು, ಇದು ಉಳಿದರೆ ಅಲ್ಲಾಹನ ಹೆಸರಿಗೇ ಬಿಡುತ್ತೇನೆಂದು ಅವಳು ಬೇಡಿಕೊಂಡಿದ್ದಳು. ಹಾವೇರಿಯ ವಿರೂಪಾಕ್ಷಪ್ಪ ಡಾಕ್ಟರು ತಿಂಗಳಿಗೊಂದರಂತೆ ವರ್ಷದ ತನಕ ಎಲುಬು ಗಟ್ಟಿಯಾಗುವ ಸೂಜಿ ಹಾಕಿದರು. ಕಾಲು ಕೂಡಿತು; ಕೂಡಿದ್ದಷ್ಟೇ ಅಲ್ಲ, ಹಾರೆಯ ಹಾಗೆ ಗಟ್ಟಿಯಾಯಿತು. ಈಗ ಅದು ಗೋಡೆಗೆ ಗುಮ್ಮಿದರೆ ಒಳಗೆ ಪಾತ್ರೆಗಳು ಅಲುಗುತ್ತವೆ. ಬೇಡಿಕೊಂಡದ್ದನ್ನು ಒಪ್ಪಿಸುವ ದಿನ ಬಂದಾಗ ಹೀಗೆ ಬಾಯಿ ಕೈಕೊಟ್ಟಿದೆ. ಅವಳೇ ಮಸೀದಿಗೆ ಹೇಳಿಕಳಿಸಿದ್ದರಿಂದ ಪೇಶಿಮಾಮು ಮಹಮ್ಮದಗೌಸ ಬೆಳಗಿನ ನಮಾಜು ಮುಗಿಸಿ ಬಂದು ಕಟ್ಟೆಯ ಮೇಲೆ ಕೂತ. ವಯಸ್ಸಿನಲ್ಲಿ ಸಣ್ಣವನು, ಗಡ್ಡ ಇನ್ನೂ ಅಲ್ಲಲ್ಲಿ ತೆಳು. ಚಹಾ ಆರಿಸಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡ.

"ಕಾಕಾ, ಹಲ್ಲು ಅಂದ್ರ ಬರೇ ಗುರುತು. ಬೇಕಾದ್ದು ವರ್ಷ ತುಂಬಿರೂದು. ಹುಟ್ಟಿದ್ದು ನೀವು ಕಣ್ಣಾರೆ ಕಂಡೀರಿಲ್ಲೋ?"

"ಕಂಡೇನಿ."

"ಮುಗೀತಲ್ಲ! ನಿಮ್ಮ ಮಾತು ಸಾಕು. ನಿಮ್ಮ ಮಾತಿಗಿಂತ ಗಟ್ಟಿ ಹಲ್ಲು ಯಾವುದೈತ್ರಿ ಈ ಸೀಮಿಯೊಳಗ?"

ಮುಮ್ತಾಜಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯೂಸುಫಸಾಬನಿಗೂ ಹಗುರಾಗಬೇಕಿತ್ತು. ಆಗಲಿಲ್ಲ. ನಿಮ್ಮ ಮಾತು ಸಾಕು. ಇಷ್ಟು ಸುಲಭವೇ? ಕೈಯಲ್ಲಿ ಚಹಾದ ಬಸಿ ಹಿಡಿದು, ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು, ಒಂದು ಮಾತಿನಲ್ಲಿ? ನಾಲಿಗೆ ತಾನಾಗಿ ಎಡದವಡೆಯ ಕಡೆಗೆ, ಹೋದ ವರ್ಷ ಕೀಳಿಸಿದ ಹಲ್ಲಿನ ಬರಿದು ಜಾಗಕ್ಕೆ ಹೋಗಿ ಅಲ್ಲೇ ತಡಕಾಡಿತು. ಅಲ್ಲಿ ನೆನಪಾಗಿ ಒಬ್ಬ ಹೆಂಗಸು ನಿಂತಿದ್ದಳು. ತಲೆಯ ಮೇಲಿನ ಸೆರಗು, ಎಡಗೈಯಲ್ಲಿ ಹೋರಿಯ ಹಗ್ಗ. ಮೂರು ವರ್ಷದ ಹಿಂದಿನ ಒಂದು ಗುರುವಾರದ ಸಂತೆಯಿಂದ ಅವಳು ಅಲ್ಲಿಂದ ಹೋಗಿಯೇ ಇರಲಿಲ್ಲವೇನೋ.

ಹಲಗೇರಿಯ ಗದಿಗೆವ್ವ. ಅವಳ ಹೆಸರೂ, ತೀರಿಕೊಂಡ ಗಂಡ ಡಾಕಪ್ಪನೆಂಬುದೂ ಆಮೇಲೆ ತಿಳಿದದ್ದು. ಅವತ್ತು ಬೇವಿನ ಗಿಡದ ನೆರಳಲ್ಲಿ ಕರಬಸಪ್ಪ ಎಂಬ ರೈತ ಅವಳ ಹೋರಿಯನ್ನು ಒಪ್ಪಿ, ಕೊನೆಗೆ ಬಾಯಿ ನೋಡಿ ಬೆಚ್ಚಿಬಿದ್ದು ಕೂಗಿದ್ದ: "ಸಾಬ್ರ, ಬರ್ರಿ ಇಲ್ಲಿ. ಮೈ ನೋಡಿದ್ರ ಎತ್ತು, ಬಾಯಿ ನೋಡಿದ್ರ ಮಲಿ ಕುಡಿಯೂ ಕರು. ಈಕಿ ನಾಕ ವರ್ಷ ಅಂತಾಳ." ಯೂಸುಫಸಾಬ ಹೋಗಿ ತುಟಿ ಮಡಚಿದ. ಹಾಲುಹಲ್ಲು, ಎಂಟಕ್ಕೆ ಎಂಟು. ಕಾಲುಗಳು ಕಂಬದಂತಿದ್ದವು, ಹೆಗಲ ಮೇಲೆ ಹಿಣಿಲು ಎದ್ದಿತ್ತು, ಕೋಡು ಬಲಿತಿತ್ತು. ಕಣ್ಣು ಅದನ್ನೆಲ್ಲ ಕಂಡಿತ್ತು. ಕಂಡದ್ದಕ್ಕೆ ಕೈ ಕಿವಿಗೊಡಲಿಲ್ಲ. "ಎರಡು ವರ್ಷ ತುಂಬಿಲ್ಲ," ಎಂದುಬಿಟ್ಟ. "ನಮ್ಮನಿಯಾವ್ರು ತೀರಿಕೊಂಡ ದಿನಾನ ಇದು ಹುಟ್ಟೇತ್ಯಪ್ಪಾ," ಎಂದಿದ್ದಳು ಅವಳು, ಹೋರಿಯ ಬೆನ್ನ ಮೇಲೆ ಕೈಯಿಟ್ಟು. "ಒಂದು ಕಡೆ ಹೆಣ, ಒಂದು ಕಡೆ ಕರ. ನಾಕ ವರ್ಷ ನಾ ಮರೀತೇನೇನು? ಹುಟ್ಟತ ಕಾಲು ಸೊಟ್ಟ ಇದ್ದುವು, ಜೀಪಿನ್ಯಾಗ ಬಂದು ಸೂಜಿ ಹಾಕಿ ಹೋಗತಿದ್ರು..." ಅಷ್ಟರಲ್ಲಿ ಸಂತೆಯ ಸೋಮಣ್ಣ, ಎಲ್ಲರನ್ನೂ ನಗಿಸುವುದೇ ಕಸುಬಾದವನು, "ಸೂಜಿ ಕಾಲಿಗೆ ಹಾಕಿದ್ರೋ ಹಲ್ಲಿಗೋ, ಯವ್ವಾ?" ಎಂದ. ಸಂತೆ ನಕ್ಕಿತು. ಆ ನಗೆಯ ಮೇಲೆ ಯೂಸುಫಸಾಬ ತನ್ನ ಮಾತನ್ನು ಇಟ್ಟ: "ಬಾಯಿ ಸುಳ್ಳು ಹೇಳತೈತವ್ವಾ, ಹಲ್ಲು ಹೇಳಂಗಿಲ್ಲ." ಚಂದದ ಮಾತು. ಅವನ ತಂದೆ ಮೊಹರಮ್ಮಿನಲ್ಲಿ ರಿವಾಯತು ಹಾಡುತ್ತಿದ್ದವನು. ಕೇಳಿ ಕೇಳಿ ಬೆಳೆದ ಕಿವಿಗೆ ತಾಳ ತಪ್ಪದ ಮಾತು ಸಿಕ್ಕರೆ ಸಾಕು, ನಿಜವೇ ಸಿಕ್ಕಿತೆಂದು ಅನಿಸುತ್ತಿತ್ತು. ಗದಿಗೆವ್ವ ಅಳಲಿಲ್ಲ. ಹತ್ತಿರ ಬಂದು, ತನ್ನ ಕೆಳದುಟಿಯನ್ನು ತಾನೇ ಎರಡು ಬೆರಳಿನಿಂದ ಕೆಳಗೆಳೆದು, "ನಂದೂ ನೋಡಿ ಹೇಳಪಾ," ಎಂದಳು. "ಗಂಡ ಸತ್ತ ಮ್ಯಾಲ ನಾ ಎಷ್ಟ ವರ್ಷ ಬಾಳೇನಿ, ಹೇಳು." ಎಲೆಅಡಿಕೆಯ ಕೆಂಪು, ಒಂದು ಮುರಿದ ಹಲ್ಲು, ಒದ್ದೆಯಾದ ತುಟಿ. ಅವನು ಮುಖ ತಿರುಗಿಸಿ ಮುಂದಿನ ದನಕ್ಕೆ ಹೋಗಿದ್ದ.

"ಎಲ್ಲಿಗೆ ಹೊಂಟ್ರಿ? ರೊಟ್ಟಿ ಆಗೇತಿ," ಎಂದು ಮುಮ್ತಾಜಬಿ ಕೂಗುತ್ತಿದ್ದಾಗ, ಆ ಹೋರಿಗೂ ಸೂಜಿ, ಈ ಹೋತಕ್ಕೂ ಸೂಜಿ ಎಂಬುದು ತಲೆಗೆ ಹೊಕ್ಕಿದ್ದ ಅವನು ಹಾವೇರಿಯ ಬಸ್ಸು ಹತ್ತಿಯಾಗಿತ್ತು. ಹಾವೇರಿಯ ಬಸ್‌ ಸ್ಟ್ಯಾಂಡಿನ ಹಿಂದಿನ ದನದ ಔಷಧದ ಅಂಗಡಿಯಲ್ಲಿ ವಿರೂಪಾಕ್ಷಪ್ಪ ಡಾಕ್ಟರು ಒಬ್ಬರೇ ಕೂತು ಪೇಪರು ಓದುತ್ತಿದ್ದರು. ಹೋತದ ಕಾಲು ಹೇಗಿದೆಯೆಂದು ಅವರೇ ಮೊದಲು ಕೇಳಿದರು, ಹೊಗಳಿಸಿಕೊಳ್ಳುವ ಉಮೇದಿನಲ್ಲಿ. "ಕಾಲು ಭೇಷ್ ಐತ್ರಿ. ಹಲ್ಲು ಬಂದಿಲ್ಲ," ಎಂದ ಯೂಸುಫಸಾಬ. ಡಾಕ್ಟರು ಪೇಪರನ್ನು ಮಡಚಿದರು, ಮತ್ತೊಮ್ಮೆ ಮಡಚಿದರು, ಇನ್ನು ಮಡಚಲಾರದಷ್ಟು ಸಣ್ಣದಾದ ಮೇಲೆ ಅದರ ಮೇಲೆ ಅಂಗೈ ಇಟ್ಟರು.

"ನೋಡ್ರಿ ಸಾಬ್ರ, ಎಲುಬು ಅಂದ್ರ ಕಲ್ಲಲ್ಲ. ದಿನಾ ಒಂದ ಕಡೆ ಕರಗತೈತಿ, ಒಂದ ಕಡೆ ಕಟ್ಟತೈತಿ. ಈ ಔಷಧ ಕರಗೂದನ್ನ ಹಿಡದ ನಿಲ್ಲಸತೈತಿ. ಅದಕ್ಕ ಗಟ್ಟಿ ಆಗೂದು. ಆದ್ರ ಹೊಸಾ ಹಲ್ಲು ಮ್ಯಾಲ ಬರಬೇಕಂದ್ರ ದವಡಿ ಎಲುಬು ಕರಗಿ ದಾರಿ ಬಿಡಬೇಕಲ್ಲ? ಅದು ಬಿಡವಲ್ಲದು."

"ಅಂದ್ರ ಹಲ್ಲು ಹುಟ್ಟೇ ಇಲ್ಲೇನ್ರಿ?"

"ಹುಟ್ಟ್ಯಾವ. ಒಳಗ ಅದಾವ. ಗ್ವಾಡ್ಯಾಗ ಹೂತಂಗ." ಡಾಕ್ಟರು ಬೀದಿಯ ಕಡೆ ನೋಡಿದರು. "ಔಷಧದ ಜೋಡಿ ಬಂದ ಕಾಗದದಾಗ ಸಣ್ಣಕ್ಷರದಾಗ ಬರದಿದ್ರು, ಎಳೇ ಇಲಿಗೆ ಕೊಟ್ಟು ನೋಡಿದಾಗ ಹಲ್ಲು ಏಳಲಿಲ್ಲ ಅಂತ. ಇಲಿ ಹಲ್ಲು ಯಾರ ನೋಡ್ತಾರ ಅಂತ ನಾನೂ ಬಿಟ್ಟೆ."

"ದನದ ಕರಕ್ಕೂ ಹಿಂಗ ಆಗಬಹುದೇನ್ರಿ?"

"ಎಳೇದಿದ್ದಾಗ ಕೊಟ್ರ ಯಾಕಾಗಬಾರದು? ಏಳು ವರ್ಷದ ಹಿಂದ ರಾಣೇಬೆನ್ನೂರ ಕಡೆ ಯಾವುದೋ ಕಂಪನಿ ಜೀಪು ತಿರಗತಿತ್ತು, ಸೊಟ್ಟಗಾಲಿನ ಕರಕ್ಕ ಪುಕ್ಕಟೆ ಸೂಜಿ ಹಾಕ್ಕೋಂತ. ಅವು ಏನಾದುವೋ. ಯಾರ ಬಾಯಿ ತಗದ ನೋಡ್ಯಾರ?"

ನಾನು ನೋಡಿದ್ದೆ, ಎಂದುಕೊಂಡು ಯೂಸುಫಸಾಬ ಎದ್ದ. ಹೊರಗೆ ಬಂದು, ಕರ್ಜಗಿಯ ಬಸ್ಸು ನಿಲ್ಲುವ ಕಡೆ ಹೋಗಬೇಕಾದವನು ಬ್ಯಾಡಗಿಯ ಮೇಲೆ ರಾಣೇಬೆನ್ನೂರಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದ. ಹಲಗೇರಿಗೆ ಹೋಗಿ ಏನು ಹೇಳುವುದು? ತಪ್ಪಾಯಿತು ಯವ್ವಾ ಎನ್ನುವುದು. ಅಷ್ಟೇ. ಎರಡು ಶಬ್ದ. ಅವನ್ನು ಬಾಯೊಳಗೆ ಹೊರಳಿಸಿ ನೋಡಿದ; ಹುರಿಯದ ಕಾಳಿನಂತೆ ಅವು ಹಲ್ಲಿಗೆ ಸಿಗದೆ ಜಾರಿದವು. ನಿಜಕ್ಕೂ ತಪ್ಪು ತನ್ನದೇ? ಹಾಲುಹಲ್ಲು ಕಂಡಿತು, ಹಾಲುಹಲ್ಲು ಎಂದ. ಬೇರೆ ಯಾವನೇ ಬಂದಿದ್ದರೂ ಅದನ್ನೇ ಹೇಳುತ್ತಿದ್ದ. ಈ ಮಾತು ಮನಸ್ಸಿಗೆ ಬಂದ ಕೂಡಲೇ ಇಷ್ಟು ನೆಮ್ಮದಿಯಾಯಿತೆಂದರೆ, ಮುಂದಿನ ನಿಲ್ದಾಣದಲ್ಲಿ ಇಳಿದು ಮರಳಿ ಹೋಗಿಬಿಡಲೇ ಎಂದುಕೊಂಡ. ಅಷ್ಟರಲ್ಲಿ ಬಸ್ಸು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಬದಿಗೆ ಬಂತು. ಕಣ್ಣು ಹಾಯುವ ತನಕ ಕೆಂಪು ರಾಶಿಗಳು, ಅವುಗಳ ಮೇಲೆ ಏಪ್ರಿಲ್ಲಿನ ಬಿಸಿಲು, ಚೀಲ ಹೊತ್ತು ಓಡುವ ಹಮಾಲರು. ಗಾಳಿಯಲ್ಲಿ ಘಾಟು ಎದ್ದು ಬಸ್ಸಿನೊಳಗೆ ಒಬ್ಬರ ಹಿಂದೊಬ್ಬರು ಸೀನತೊಡಗಿದರು, ಕಂಡಕ್ಟರನಿಂದ ಹಿಡಿದು ತಾಯಿಯ ತೊಡೆಯ ಮೇಲಿನ ಕೂಸಿನ ತನಕ. ಯೂಸುಫಸಾಬ ಸೀನಿದ, ಮತ್ತೆ ಸೀನಿದ, ಕಣ್ಣಿನಿಂದ ನೀರು ಸುರಿಯಿತು. ಪಕ್ಕದ ಮುದುಕ ಅವನ ಕಡೆ ನೋಡಿ, "ಬ್ಯಾಡಗಿ ದಾಟೂಮಟ ಎಲ್ಲಾರೂ ಅಳಾಕಬೇಕ್ರಿ. ಖರೇ ದುಃಖ ಇದ್ದಾವನ್ನ ಹುಡುಕಾಕ ಆಗಂಗಿಲ್ಲ ಇಲ್ಲಿ," ಎಂದು ನಕ್ಕ. ಎಲ್ಲರ ಜೊತೆಗೆ ಮೂಗು ಒರೆಸಿಕೊಳ್ಳುತ್ತಿದ್ದ ಅವನಿಗೆ, ಕೊನೆಯ ತೀರ್ಪಿನ ದಿನವನ್ನು ಕುರಿತ ತಂದೆಯ ಹಾಡಿನ ಒಂದು ನುಡಿ ಕೇಳಿಸಿತು. ಮೊಹರಮ್ಮಿನ ಕತ್ತಲ ರಾತ್ರಿಯ ದಿನ ಬೆಂಕಿಯ ಸುತ್ತ ಕುಣಿಯುವವರು ದಣಿದು ಕೂತಾಗ ತಂದೆ ಅದನ್ನು ತಗ್ಗಿದ ದನಿಯಲ್ಲಿ ಎತ್ತುತ್ತಿದ್ದ. *ಬಾಯಿಗಿ ಬೀಗ ಬಿದ್ದ ದಿನ, ಮಾಡಿದ ಕೈಯೇ ಮಾತಾಡೀತೊ.* ಸಣ್ಣವನಾಗಿದ್ದಾಗ ಅದನ್ನು ಕೇಳಿ ಅವನು ತನ್ನ ಎರಡೂ ಕೈಗಳನ್ನು ಬಗಲಲ್ಲಿ ಮುಚ್ಚಿಟ್ಟುಕೊಂಡು ಮಲಗುತ್ತಿದ್ದ. ಬಸ್ಸು ಬ್ಯಾಡಗಿ ದಾಟಿತು. ಸೀನು ನಿಂತಿತು. ಅವನು ಇಳಿಯಲಿಲ್ಲ.

ರಾಣೇಬೆನ್ನೂರಿನಲ್ಲಿ ಬಸ್ಸು ಬದಲಿಸಿ ಹಲಗೇರಿಯಲ್ಲಿ ಇಳಿದಾಗ ಬಿಸಿಲು ನೆತ್ತಿ ದಾಟಿತ್ತು. ಚಹಾದಂಗಡಿಯಲ್ಲಿ ಗದಿಗೆವ್ವನ ಮನೆ ಕೇಳಿದ. ಗ್ಲಾಸು ತೊಳೆಯುತ್ತಿದ್ದವನು ತಲೆಯೆತ್ತದೆ, "ಯಾವ ಗದಿಗೆವ್ವ್ರಿ? ಊರಾಗ ಮೂರು ಮಂದಿ ಅದಾರ," ಎಂದ.

"ಡಾಕಪ್ಪ ಅಂತ ಇದ್ರಲ್ಲ, ಅವರ ಮನಿಯಾಕಿ. ಒಂದು ಹೋರಿ ಇತ್ತು."

"ಹಾಂ, ಹಾಲಹಲ್ಲ ಗದಿಗೆವ್ವ! ಹಂಗನ್ರಿ ಮತ್ತ. ಸೀದಾ ಹೋಗಿ ಬಾವಿ ಹಂತ್ಯಾಕ ಬಲಕ್ಕ ಹೊಳ್ರಿ. ಕರಾನ ತಂದು ಎತ್ತು ಅಂತ ಮಾರಾಕ ಹೋಗಿದ್ಲು, ಹಾವೇರ್ಯಾಗ ಯಾವನೋ ಸಾಬ ಹಿಡದ. ಅವತ್ತಿಂದ ಅದ ಹೆಸರು. ಈಗ ಹುಡುಗ್ರಿಗೆ ಯಾಕ ಆ ಹೆಸರು ಅನ್ನೂದೂ ಗೊತ್ತಿಲ್ಲ."

ಬಾವಿಯ ತನಕ ಹೋಗುವಷ್ಟರಲ್ಲಿ ಯೂಸುಫಸಾಬ ಎರಡು ಸಲ ನಿಂತ. ತಾನು ಒಂದು ದನದ ಬಾಯಿ ನೋಡಿ ಆಡಿದ ಮಾತು ಇಲ್ಲಿಗೆ ನಡೆದು ಬಂದು, ಒಬ್ಬಳ ಹೆಸರಿನ ಮುಂದೆ ಕೂತು, ಊರಿನ ಬಾಯಲ್ಲಿ ಸವೆದು ನುಣುಪಾಗಿ, ಯಾರಿಗೂ ನೋವಾಗದ ಹಾಗೆ ಬಾಳಿಕೊಂಡಿದೆ. ಅದನ್ನು ಕೀಳುವುದು ಹೇಗೆ? ಬೇರು ಎಲ್ಲಿದೆ?

ಗದಿಗೆವ್ವ ಹಿತ್ತಲಲ್ಲಿದ್ದಳು. ಕೈಯಲ್ಲಿ ಬೋಗುಣಿ, ಅದರಲ್ಲಿ ಜೋಳದ ನುಚ್ಚಿನ ಅಂಬಲಿ. ಅವಳ ಮುಂದೆ ಮೇವಿನ ಗ್ವಾದಲಿಗೆ ಕಟ್ಟಿದ ಹೋರಿ ನಿಂತಿತ್ತು. ಅದೇ ಕಂಬದಂಥ ಕಾಲು. ಆದರೆ ಪಕ್ಕೆಲುಬು ಎಣಿಸುವಂತಿದ್ದವು, ಎಡದವಡೆ ತೆಂಗಿನಕಾಯಿಯಷ್ಟು ಬಾತಿತ್ತು. ಗ್ವಾದಲಿಯಲ್ಲಿ ಮೇವು ಇರಲಿಲ್ಲ. ಮೇವು ಇದ್ದ ಗುರುತೂ ಇರಲಿಲ್ಲ; ಜಗಿಯಲಾರದ ಬಾಯಿಗೆ ಮೇವೇಕೆ.

"ಯಾರಪಾ?"

"ನಾನವ್ವಾ. ಕರ್ಜಗಿ ಯೂಸುಫಸಾಬ."

ಅವಳು ಬೋಗುಣಿ ಕೆಳಗಿಡಲಿಲ್ಲ. ನೋಡಿದಳು. "ಹಲ್ಲ ನೋಡಾವ," ಎಂದಳು, ಹವಾಮಾನದ ಬಗ್ಗೆ ಹೇಳುವ ಹಾಗೆ. "ಕುಂದ್ರು. ಸೊಸಿ ಹೊನ್ನವ್ವ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಮುರಿಯಾಕ ಹೋಗ್ಯಾಳ, ನೀರು ಕೊಡಾಕ ಯಾರಿಲ್ಲ. ಇದಕ್ಕ ಕುಡಿಸಿ ಕೊಡ್ತೇನಿ. ಆರಿದ್ರ ಬಾಯಿ ಹಚ್ಚಂಗಿಲ್ಲ ಇದು." ಬಿದಿರಿನ ಗೊಟ್ಟದಲ್ಲಿ ಅಂಬಲಿ ತುಂಬಿ ಹೋರಿಯ ಬಾಯಿಯ ಮೂಲೆಯಿಂದ ಸುರಿದಳು. ಹೋರಿ ಕಣ್ಣು ಮುಚ್ಚಿ ನುಂಗಿತು. ಅರ್ಧ ಅಂಬಲಿ ಅವಳ ಮೊಣಕೈಯಗುಂಟ ಇಳಿದು ಸೀರೆ ತೋಯಿಸಿತು. ಏಳು ವರ್ಷದ ಎತ್ತು. ಇದೇ ಗಳಿಗೆಯಲ್ಲಿ ಇದರ ಸಮವಯಸ್ಕ ಎತ್ತುಗಳು ಯಾವ ಹೊಲದ ಬದುವಿನಲ್ಲೋ ಮಲಗಿ ಮೆಲುಕು ಹಾಕುತ್ತಿರುತ್ತವೆ. ಅಂಬಲಿ ಮುಗಿಯಿತು.

"ತಪ್ಪಾಗೇತಿ ಯವ್ವಾ," ಎಂದ ಯೂಸುಫಸಾಬ. ಶಬ್ದಗಳು ಹೊರಗೆ ಬಂದವು, ಆದರೆ ಬರಬೇಕಾದಲ್ಲಿಂದ ಬಂದಂತೆ ಕೇಳಿಸಲಿಲ್ಲ. "ನೀ ಅಂದದ್ದ ಖರೇ ಇತ್ತು. ನಾಕು ವರ್ಷಾನ ಆಗಿತ್ತು ಇದಕ್ಕ. ಆ ಸೂಜಿಯಿಂದ ಎಲುಬು ಗಟ್ಟಿಯಾಗಿ ಹಲ್ಲಿಗೆ ದಾರಿ ಬಿಟ್ಟಿಲ್ಲಂತ. ಹಲ್ಲು ಒಳಗ ಅದಾವಂತ. ಡಾಕ್ಟರು ಇವತ್ತ ಹೇಳಿದ್ರು."

ಗದಿಗೆವ್ವ ಗೊಟ್ಟವನ್ನು ನೀರಿನಲ್ಲಿ ಅಲುಬಿದಳು. "ಇದನ್ನ ನಂಗ್ಯಾಕ ಹೇಳ್ತೀಯೋ? ನನ್ನ ಗಂಡ ಸತ್ತದ್ದು ಯಾವಾಗ ಅಂತ ನಂಗ ಗೊತ್ತಿಲ್ಲೇನು? ಡಾಕ್ಟರ ಕಡಿಂದ ತಿಳಕೋಬೇಕೇನು?"

"ಅಲ್ಲವ್ವಾ..."

"ಸಂತ್ಯಾಗ ಚೆಲ್ಲಿದ್ದನ್ನ ಸಂತ್ಯಾಗ ಆರಿಸಬೇಕು. ಮನಿಗೆ ಬಂದು ನನ್ನ ಉಡ್ಯಾಗ ಹಾಕಿದ್ರ ನಾ ಏನ ಮಾಡ್ಲಿ?"

"ಗುರುವಾರ ಹೋಗಿ ಹೇಳ್ತೇನಿ. ಆದ್ರ ಸೋಮಣ್ಣ ತೀರಿಕೊಂಡ. ಕರಬಸಪ್ಪ ಸಂತಿಗೆ ಬರೂದ ಬಿಟ್ಟಾನ. ಅವತ್ತು ಇದ್ದ ಮಂದೀನ್ನ ನಾ ಎಲ್ಲಿಂದ ತರ್ಲೆವ್ವಾ?"

"ನಕ್ಕೋಂತ ನಿಂತಾಗ ಅವರನ್ನ ನಾ ಕರದಿದ್ನೇನು?" ಎಂದಳು ಗದಿಗೆವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅದರ ಕೆಳಗೆ ಅವನು ತಲೆ ತಗ್ಗಿಸಿ ನಿಲ್ಲಬಹುದಿತ್ತು. ಅವಳು ಹೋರಿಯ ಹಗ್ಗವನ್ನು ಸಡಿಲಿಸಿ ಅದರ ಮೋರೆಯನ್ನು ಅವನ ಕಡೆ ತಿರುಗಿಸಿದಳು. "ಬಾ. ಇಷ್ಟ ದೂರ ಬಂದೀ. ನೋಡಿ ಹೋಗು."

ಅವನು ಎದ್ದು ಹೋದ. ಮೂವತ್ತು ವರ್ಷದ ರೂಢಿಯಿಂದ ಎಡಗೈ ತಾನಾಗಿ ಮೂಗಿನ ಹಗ್ಗ ಹಿಡಿಯಿತು, ಬಲಗೈಯ ಹೆಬ್ಬೆರಳು ಕೆಳದುಟಿಯನ್ನು ಮಡಚಿತು. ಹಾಲುಹಲ್ಲುಗಳು ಒಸಡಿನ ಮಟ್ಟಕ್ಕೆ ಸವೆದಿದ್ದವು. ಹಲ್ಲೆಂದರೆ ಹಲ್ಲು, ಇಲ್ಲವೆಂದರೆ ಇಲ್ಲ. ಬೆರಳು ಒಸಡಿನ ಮೇಲೆ ಮೆಲ್ಲಗೆ ಒತ್ತಿತು. ಕೆಳಗೆ ಗಟ್ಟಿಯಾದದ್ದು ಏನೋ ಸಿಕ್ಕಿತು. ಅದು ಎಲುಬೋ, ಎಲುಬಿನೊಳಗೆ ಸಿಕ್ಕಿಕೊಂಡು ಇಷ್ಟು ವರ್ಷದಿಂದ ಮೇಲೆ ಬರಲು ದಾರಿ ಕಾಯುತ್ತಿರುವ ಹಲ್ಲೋ, ಬೆರಳಿಗೆ ತಿಳಿಯಲಿಲ್ಲ. ಇನ್ನೊಂದಿಷ್ಟು ಒಳಗೆ ಹಾಕಿದ. ಆಗ ಹೋರಿ ತಲೆ ಕೊಡವಲಿಲ್ಲ, ಹಿಂದೆ ಸರಿಯಲಿಲ್ಲ. ನಾಲಿಗೆಯನ್ನು ದೋಣಿಯಂತೆ ಮಡಚಿ ಅವನ ಬೆರಳುಗಳನ್ನು ಸುತ್ತಿ, ಮೇಲ್ದವಡೆಗೆ ಒತ್ತಿಕೊಂಡು, ಮೆಲ್ಲಗೆ, ಹುಟ್ಟಿ ಮೂರು ದಿನವಾದ ಕರುವಿನ ಹಾಗೆ ಚೀಪತೊಡಗಿತು.

ಗದಿಗೆವ್ವ ನೋಡುತ್ತಿದ್ದಳು. "ಎಷ್ಟ ವರ್ಷ ಅಂತೈತಿ ಸಾಬಾ, ನಿನ್ನ ಕೈ?"

ಏಳು ಎನ್ನಬೇಕಿತ್ತು. ಏಳು ಎಂದು ಅವನಿಗೆ ಗೊತ್ತಿತ್ತು. ಬಾಯಿ ತೆರೆದ. ನಾಲಿಗೆ ತನ್ನ ಬರಿದು ಜಾಗಕ್ಕೆ ಹೋಗಿ ಕೂತಿತು. ಒಂಬತ್ತು ದಿನಕ್ಕೆ ಇದೇ ಕೈ ಹೋತದ ಕೊರಳಿಗೆ ಚೂರಿ ಹಿಡಿಯುತ್ತದೆ, ಅವನ ಒಂದೇ ಮಾತಿನ ಸಾಕ್ಷಿಯ ಮೇಲೆ. ಬೆರಳುಗಳ ಸುತ್ತ ಆ ಬಿಸಿಯಾದ, ಒರಟಾದ ನಾಲಿಗೆ ಎಳೆಯುತ್ತಲೇ ಇತ್ತು, ಅಲ್ಲಿಲ್ಲದ ಹಾಲನ್ನು ಬಿಡದೆ ಎಳೆಯುತ್ತಿತ್ತು.

"ಲಗೂ ಹೇಳೋ," ಎಂದಳು ಗದಿಗೆವ್ವ. "ನಿನ್ನ ಬಸ್ಸ ಬಂತ ನೋಡು."

ರಸ್ತೆಯ ಕಡೆಯಿಂದ ಹಾರ್ನು ಕೇಳಿಸಿತು. ಯೂಸುಫಸಾಬ ಕೈ ಹೊರಗೆ ತೆಗೆಯಲಿಲ್ಲ.